ಹೊಗೆ ಎಂದರೆ ಉರಿಯದೆ ಉಳಿದ ಸೌದೆ

ಪ್ರಶ್ನೆ: ಎಂಟು ವರ್ಷ ಬೆಂಗಳೂರಿನಲ್ಲಿದ್ದು ಈ ಬೇಸಿಗೆಯಲ್ಲಿ ಹೊಸನಗರ ತಾಲ್ಲೂಕಿನ ಗಂಡನ ಮನೆಗೆ ಬಂದು ನೆಲೆಸಿದ್ದೇವೆ. ಅಡುಗೆಮನೆಯಲ್ಲಿ ಮೂರು ಗುಂಡಿಯ ಹಳೆಯ ಅಸ್ತ್ರ ಒಲೆ (ಸೌದೆ ಉಳಿಸುವ ಸುಧಾರಿತ ಮಣ್ಣಿನ ಒಲೆ) ಇದೆ, ಬಚ್ಚಲಲ್ಲಿ ತಾಮ್ರದ ಹಂಡೆಯ ಒಲೆ. ಅತ್ತೆ ಇದ್ದಾಗ ಒಂದೇ ಕಡ್ಡಿ ಗೀರಿ ಒಲೆ ಹೊತ್ತಿಸುತ್ತಿದ್ದರಂತೆ. ನಾನು ಅರ್ಧ ಗಂಟೆ ಊದಿದರೂ ಮನೆ ತುಂಬ ಹೊಗೆ. ಮೊನ್ನೆ ತರಿಸಿದ ಒಂದು ಪಿಕಪ್ ಅಕೇಶಿಯಾ ಸೌದೆ ಆಗಲೇ ಕಾಲು ಭಾಗ ಮುಗಿದಿದೆ. ಅಡುಗೆಮನೆ ನವೀಕರಿಸುವಾಗ ಹಂಚಿನ ಮಾಡಿಗೆ ತೂತು ಬೇಡವೆಂದು ಮೇಸ್ತ್ರಿ ಹೊಗೆ ಕೊಳವೆಯನ್ನು ಗೋಡೆಯಿಂದ ಹೊರಗೆ ತೆಗೆದಿದ್ದಾರೆ. ಒಲೆ ಒಡೆದು ಹೊಸದು ಕಟ್ಟಿಸಬೇಕೇ? ಅಥವಾ ಗ್ಯಾಸ್ ಒಂದೇ ಸಾಕೆಂದು ಬಿಟ್ಟುಬಿಡುವುದೇ?

ಉತ್ತರ: ಒಲೆಯನ್ನು ಒಡೆಯಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸುತ್ತಮುತ್ತ ಒಲೆ ಕಟ್ಟುವುದು, ಕಟ್ಟಿದ ಒಲೆ ಕೈಕೊಟ್ಟಾಗ ಹೋಗಿ ನೋಡುವುದು ಮೂವತ್ತು ವರ್ಷಗಳಿಂದ ನನ್ನ ಕೆಲಸ. ಒಲೆ ಕೆಟ್ಟಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಅಡುಗೆಮನೆಗೆ ಹೋಗುವುದಿಲ್ಲ, ಸೌದೆ ಕೊಟ್ಟಿಗೆಗೆ ಹೋಗುತ್ತೇನೆ. ಕಾಯಿಲೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ನಿಮ್ಮ ಪತ್ರದಲ್ಲೂ ನನ್ನ ಕಣ್ಣು ನಿಂತದ್ದು ‘ಮೊನ್ನೆ ತರಿಸಿದ’ ಎಂಬ ಮಾತಿನ ಮೇಲೆ. ಮೊನ್ನೆ ಎಂದರೆ ಆಷಾಢದ ಮಳೆಗಾಲ. ಆಷಾಢದಲ್ಲಿ ತರಿಸಿದ ಸೌದೆ ಆಷಾಢದಲ್ಲಿ ಉರಿಯುವುದಿಲ್ಲ. ಅತ್ತೆಯವರ ಕಡ್ಡಿಯಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಅವರು ಮಳೆಗಾಲದಲ್ಲಿ ಉರಿಸುತ್ತಿದ್ದದ್ದು ಮಾಘದಲ್ಲಿ ಸೀಳಿಸಿದ ಸೌದೆಯನ್ನು.

ಸೌದೆ ಹೇಗೆ ಉರಿಯುತ್ತದೆ ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಉಪಾಯಗಳು ತಾವಾಗಿ ಹೊಳೆಯುತ್ತವೆ. ಬಿಸಿ ತಾಗಿದ ಸೌದೆಯಿಂದ ಮೊದಲು ನೀರು ಆವಿಯಾಗಿ ಹೊರಡುತ್ತದೆ. ಶಾಖ 200–300 ಡಿಗ್ರಿ ಮುಟ್ಟಿದ ಮೇಲೆ ಮರವೇ ಒಡೆದು ಅನಿಲವಾಗತೊಡಗುತ್ತದೆ. ಒಣ ಮರದ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿ ಹೋಗುವ ಸರಕು. ಉಳಿದದ್ದು ಇದ್ದಿಲು, ಒಂದಿಷ್ಟು ಬೂದಿ. ಒಲೆಯಲ್ಲಿ ನಾಲಗೆ ಚಾಚುವ ಹಳದಿ ಜ್ವಾಲೆ ಈ ಅನಿಲದ್ದು. ಅದು ಪೂರ್ತಿ ಉರಿಯಲು ಒಲೆಯ ಹೊಟ್ಟೆಯೊಳಗೆ 600 ಡಿಗ್ರಿಗೆ ಮೀರಿದ ಕಾವು ಬೇಕು, ಸಾಕಷ್ಟು ಗಾಳಿಯೂ ಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಅದೇ ಅನಿಲ ತಣಿದು ಅಡುಗೆಮನೆಯಲ್ಲಿ ಹೊಗೆಯಾಗುತ್ತದೆ, ಹಂಡೆಯ ತಳದಲ್ಲಿ ಮಸಿಯಾಗುತ್ತದೆ, ಕೊಳವೆಯಲ್ಲಿ ಡಾಂಬರಾಗುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಊರಿನ ಸುದ್ದಿಗಳಿಗೆ ಸರಿ ಇರಬಹುದು. ಒಲೆಯ ಮಟ್ಟಿಗೆ ಬೆಂಕಿ ಸಾಲದಾದಾಗಲೇ ಹೊಗೆ.

ಒಂದು ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ಪೂರ್ತಿ ಒಣಗಿದ ಒಂದು ಕಿಲೋ ಮರದಲ್ಲಿ ಸುಮಾರು 4,500 ಕಿಲೋಕ್ಯಾಲರಿ ಶಾಖ ಅಡಗಿರುತ್ತದೆ. ಮರದ ಜಾತಿ ಬದಲಾದರೂ ತೂಕದ ಲೆಕ್ಕದಲ್ಲಿ ಈ ಸಂಖ್ಯೆ ಹೆಚ್ಚು ಏರುಪೇರಾಗುವುದಿಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂದರೆ ಒಂದು ಕಿಲೋ ಹಸಿ ಸೌದೆ ಒಲೆಗೆ ಹಾಕಿದರೆ ಮರ ಅರ್ಧ ಕಿಲೋ, ಶಾಖ 2,250. ಜೊತೆಗಿರುವ ಅರ್ಧ ಲೀಟರ್ ನೀರನ್ನು ಕುದಿಸಿ ಆವಿ ಮಾಡಲು ಬೇಕಾಗುವುದು ಸುಮಾರು 310. ಏಳರಲ್ಲಿ ಒಂದು ಪಾಲು ಹೋಯಿತು, ಅಷ್ಟೇ ತಾನೆ ಎನಿಸುತ್ತದೆ. ಮೋಸ ಇರುವುದು ಅಲ್ಲೇ. ಆ ನೀರು ಮುಗಿಯುವ ತನಕ ಸೌದೆಯ ಮೈ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಒಲೆಯ ಹೊಟ್ಟೆ ಕಾಯುವುದಿಲ್ಲ, ಹೊರಟ ಅನಿಲಕ್ಕೆ ಬೆಂಕಿ ಹತ್ತುವುದಿಲ್ಲ. ನೀರು ಕುದಿಸಲು ತೆತ್ತ ಶಾಖದ ಮೇಲೆ, ಉರಿಯದೆ ಕೊಳವೆಯಿಂದ ಹಾರಿಹೋದ ಅನಿಲದ ನಷ್ಟವನ್ನೂ ಕೂಡಿಸಿಕೊಳ್ಳಬೇಕು. ನಿಮ್ಮ ಪಿಕಪ್ಪಿನ ಕಾಲು ಭಾಗ ಹೋದದ್ದು ಈ ದಾರಿಯಲ್ಲಿ.

ಈಗ ಆ ರಾಶಿಯಿಂದ ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ ಸೌದೆ ಠಣ್ ಎನ್ನುತ್ತದೆ. ಹಸಿಯದು ದೊಪ್ ಎಂದು ಸುಮ್ಮನಾಗುತ್ತದೆ. ಕಡಿದ ತುದಿಯನ್ನು ನೋಡಿ: ನಡುವಿನಿಂದ ಅಂಚಿನ ಕಡೆಗೆ ಬಿರುಕು ಹರಿದಿದ್ದರೆ, ತೊಗಟೆ ಉಗುರಿನಿಂದ ಎಬ್ಬಿಸಿದರೆ ಏಳುವಂತಿದ್ದರೆ ಒಣಗಿದೆ. ಇಷ್ಟಕ್ಕೂ ತಿಳಿಯದಿದ್ದರೆ ಒಲೆಯೇ ಹೇಳುತ್ತದೆ. ಒಂದು ತುದಿಗೆ ಬೆಂಕಿ ತಾಗುತ್ತಿದ್ದಂತೆ ಇನ್ನೊಂದು ತುದಿಯಲ್ಲಿ ಸುಂಯ್ ಎಂಬ ಸದ್ದು ಶುರುವಾಗಿ, ಮೆಲ್ಲಗೆ ಕಂದು ನೊರೆ ಒಸರಿ, ಬುಡದ ನೆಲ ಒದ್ದೆಯಾಗುತ್ತದೆ. ಆ ನೊರೆ ಕಂಡಿತೆಂದರೆ ಊದುಗೊಳವೆ ಕೆಳಗಿಡಿ. ಎಷ್ಟು ಊದಿದರೂ ಶ್ವಾಸ ದಂಡ.

ಮಲೆನಾಡಿನಲ್ಲಿ ಸೌದೆಗೆ ಅದರದೇ ಪಂಚಾಂಗವಿದೆ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯುತ್ತಿದ್ದಂತೆ, ಪುಷ್ಯ ಮಾಘದಲ್ಲಿ, ಸೌದೆ ಕಡಿಸಿ ಸೀಳಿಸಿಬಿಡಬೇಕು. ಸೀಳುವುದು ಮುಖ್ಯ. ತೊಗಟೆ ಮರದ ಮೈಗೆ ಹೊದಿಸಿದ ಕಂಬಳಿಕೊಪ್ಪೆ ಇದ್ದಂತೆ, ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಉಂಡೆ ದಿಮ್ಮಿ ವರ್ಷ ಕಳೆದರೂ ಒಳಗೆ ಹಸಿಯಾಗಿಯೇ ಇರುವುದನ್ನು ಕೊಡಲಿ ಹಾಕಿದಾಗ ನೋಡುತ್ತೇವೆ. ಮಣಿಕಟ್ಟಿನ ದಪ್ಪಕ್ಕೆ ಸೀಳಿ ಅಂಗಳದ ಬಿಸಿಲಿಗೆ ಹಾಕಿ, ವೈಶಾಖ ಮುಗಿದು ಮೃಗಶಿರ ಮಳೆ ಹಿಡಿಯುವ ಮೊದಲು ಕೊಟ್ಟಿಗೆ ಸೇರಿಸಿದರೆ ನೀರಿನಂಶ ಶೇಕಡಾ 20ರ ಒಳಗೆ ಬಂದಿರುತ್ತದೆ. ಒಲೆಗೆ ಬೇಕಾದದ್ದು ಅಷ್ಟೇ. ಮಳೆ ಹಿಡಿದ ಮೇಲೆ ಆಸೆ ಬಿಡಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುವ ಗಾಳಿಯಲ್ಲಿ ಸೌದೆ ಒಣಗುವ ಮಾತೆಲ್ಲಿ?

ಪೇರಿಸುವಾಗ ಕೆಳಗೆ ಕಲ್ಲು ಇಟ್ಟು ನೆಲದಿಂದ ಒಂದು ಗೇಣು ಎತ್ತರಿಸಿ. ಮೇಲೆ ಸೂರಿರಲಿ, ಮಗ್ಗುಲು ತೆರೆದಿರಲಿ. ಟಾರ್ಪಾಲಿನಿಂದ ನಾಲ್ಕೂ ಕಡೆ ಕಟ್ಟಿ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಒಣಗಿದ್ದೂ ಹಾಳಾಗುತ್ತದೆ. ರಾಶಿಯ ನಡುವಿನಿಂದ ಕೈ ತುರುಕಿ ಸೌದೆ ಎಳೆಯುವ ಅಭ್ಯಾಸ ಬೇಡ. ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುವ ಹಾವು ನಿಮ್ಮನ್ನು ಕೇಳಿ ಒಳಗೆ ಸೇರಿರುವುದಿಲ್ಲ.

ಯಾವ ಮರ ಒಳ್ಳೆಯದು ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ನೆಟ್ಟ ತೋಪುಗಳ ದೆಸೆಯಿಂದ ಶಿವಮೊಗ್ಗ ಜಿಲ್ಲೆಯಲ್ಲಿ ಅಕೇಶಿಯಾ ಧಾರಾಳ. ಆ ಮರದ ಮೇಲೆ ಪರಿಸರದ ತಕರಾರು ನನಗೂ ಇದೆ, ಆದರೆ ಒಣಗಿದರೆ ಒಳ್ಳೆಯ ಸೌದೆ. ಮತ್ತಿ, ಹೊನ್ನೆಯಂಥ ಗಟ್ಟಿ ಮರ ನಿಧಾನ ಉರಿದು ಕೆಂಡ ಉಳಿಸುತ್ತದೆ. ಸಿಲ್ವರ್ ಓಕ್, ಮಾವು ಬೇಗ ಹೊತ್ತಿ ಬೇಗ ಮುಗಿಯುತ್ತವೆ. ಬಿದಿರನ್ನು ಸೀಳದೆ ಇಟ್ಟರೆ ಗಿಣ್ಣುಗಳ ನಡುವಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ. ಸೊನೆ ತಾಗಿದರೆ ಮೈಮೇಲೆ ಬೊಕ್ಕೆ ಏಳಿಸುವ ಗೇರಿನ ಜಾತಿಯ ಕಾಡುಮರಗಳನ್ನು ಮಾತ್ರ ಒಲೆಯ ಹತ್ತಿರ ತರಬೇಡಿ. ಅವುಗಳ ಹೊಗೆಗೂ ಮುಖ ಊದುತ್ತದೆ.

ಈ ವರ್ಷ ಏನು ಮಾಡುವುದು ಎಂದು ಕೇಳುತ್ತೀರಿ. ಉಳಿದಿರುವ ಅಕೇಶಿಯಾವನ್ನು ಮುಂದಿನ ವರ್ಷದ ಸೌದೆ ಎಂದುಕೊಂಡು ಸೀಳಿಸಿ ಪೇರಿಸಿಡಿ. ಅಕ್ಕಪಕ್ಕದವರ ಕೊಟ್ಟಿಗೆಯಲ್ಲಿ ಹಿಂದಿನ ವರ್ಷದ ಸೌದೆ ಇದ್ದೇ ಇರುತ್ತದೆ. ಮಳೆಗಾಲ ಕಳೆಯುವಷ್ಟನ್ನು ಕ್ರಯಕ್ಕೋ ಕಡಕ್ಕೋ ಕೇಳಿ. ತೋಟದಲ್ಲಿ ಬಿದ್ದ ಅಡಿಕೆ ಮರದ ದಬ್ಬೆ, ತೆಂಗಿನ ಚಿಪ್ಪು, ಒಣಗಿದ ಅಡಿಕೆ ಹಾಳೆ ನಿಮ್ಮಲ್ಲೇ ಇವೆ. ಮರುದಿನಕ್ಕೆ ಬೇಕಾದ ಸೌದೆಯನ್ನು ಹಿಂದಿನ ರಾತ್ರಿ ಒಲೆಯ ಪಕ್ಕ, ಕಿಡಿ ತಾಗದಂತೆ ಒಂದು ಮೊಳ ದೂರದಲ್ಲಿ, ನಿಲ್ಲಿಸಿಡಿ. ಹಿಂದೆ ಇದಕ್ಕೆ ಅಟ್ಟವಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಹೊಗೆಗೆ ಬೆಚ್ಚಗೆ ಒಣಗುತ್ತಿತ್ತು, ಅದೇ ಹೊಗೆಗೆ ಮಾಡನ್ನು ಹೊತ್ತ ಮರದ ಪಕಾಸುಗಳಿಗೆ ಹುಳ ಹತ್ತುತ್ತಿರಲಿಲ್ಲ. ಹೊಗೆ ಕೊಳವೆ ಬಂದ ಹೊಸದರಲ್ಲಿ ಹಿರಿಯರು ಗೊಣಗಿದ್ದಕ್ಕೆ ಕಾರಣವಿತ್ತು. ಆದರೆ ಆ ಹೊಗೆಯನ್ನು ಪಕಾಸಿನ ಜೊತೆಗೆ ಅಡುಗೆ ಮಾಡುವವರ ಶ್ವಾಸಕೋಶವೂ ಕುಡಿಯುತ್ತಿತ್ತು ಎಂಬುದನ್ನು ಗೊಣಗುವವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇನ್ನು ಕೊಳವೆ. ಗೋಡೆಯಿಂದ ಅಡ್ಡ ಹೊರಟು ಸೂರಿನ ಕೆಳಗೆ ಮುಗಿಯುವ ಕೊಳವೆಯನ್ನು ಕೊಳವೆ ಎನ್ನಲು ನನಗೆ ಮನಸ್ಸಿಲ್ಲ. ಹೊಗೆಯನ್ನು ಎಳೆಯುವುದು ಕೊಳವೆಯ ಎತ್ತರ ಮತ್ತು ಒಳಗಿನ ಬಿಸಿ. ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಕೊಳವೆ ಎತ್ತರವಾದಷ್ಟೂ ಈ ತೂಕದ ವ್ಯತ್ಯಾಸ ಹೆಚ್ಚಿ ಒಲೆ ತಾನಾಗಿ ಉಸಿರೆಳೆಯುತ್ತದೆ. ಅಡ್ಡ ಓಡುವ ಕೊಳವೆಗೆ ಈ ಬಲವಿಲ್ಲ. ಒಂದೊಂದು ತಿರುವಿನಲ್ಲೂ ಎಳೆತ ಕುಗ್ಗುತ್ತದೆ, ಮಸಿ ಕೂರುತ್ತದೆ. ನಿಮ್ಮ ಆ ಗೋಡೆ ಪಡುವಣಕ್ಕಿದ್ದರಂತೂ ಮಳೆಗಾಲದ ಗಾಳಿ ನೇರ ಕೊಳವೆಯ ಬಾಯಿಗೇ ಊದಿ ಹೊಗೆಯನ್ನು ಒಳಗೆ ತಳ್ಳುತ್ತದೆ. ಅರ್ಧ ಗಂಟೆ ನೀವು ಇತ್ತ ಕಡೆಯಿಂದ ಊದುತ್ತಿದ್ದರೆ ಅತ್ತ ಕಡೆಯಿಂದ ಗಾಳಿ ಊದುತ್ತಿತ್ತು.

ಕೊಳವೆ ನೆಟ್ಟಗೆ ಮೇಲೆ ಹೋಗಿ ಮಾಡಿನ ನೆತ್ತಿಗಿಂತ ಎರಡು ಅಡಿ ಎತ್ತರ ನಿಲ್ಲಬೇಕು. ತಿರುವು ಬೇಕೇಬೇಕಾದರೆ ನೇರ ಮೂಲೆ ಬೇಡ, ಓರೆಯಾಗಿರಲಿ. ಮೇಲೆ ಮಳೆನೀರು ತಡೆಯುವ ತಗಡಿನ ಟೋಪಿ, ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕಿಂಡಿ. ಹಂಚಿನ ಮಾಡು ದಾಟುವ ಜಾಗದಲ್ಲಿ ಪಕಾಸು, ರೀಪುಗಳಿಂದ ಒಂದೂವರೆ ಅಡಿ ದೂರವಿದ್ದರೆ ಒಳ್ಳೆಯದು. ಅಷ್ಟು ಜಾಗ ಸಿಗದಿದ್ದರೆ ಸುತ್ತ ಇನ್ನೊಂದು ದೊಡ್ಡ ಕೊಳವೆ ಕೂರಿಸಿ ನಡುವೆ ಗಾಳಿಯಾಡುವ ಸಂದು ಬಿಡಿಸಿ, ಮರಕ್ಕೆ ತಗಡಿನ ಮರೆ ಕೊಡಿಸಿ. ಹಳೆಯದು ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಕೊಳವೆಯಾಗಿದ್ದರೆ ಅದನ್ನು ಗರಗಸದಿಂದ ಕೊಯ್ಯಲು, ಒಣದಾಗಿ ಉಜ್ಜಲು ಬಿಡಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಈ ಅಂತರದ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸ ಶುರು ಮಾಡಿದ ಹೊಸದರಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಲೆ ಕಟ್ಟಿ, ಕೊಳವೆಯನ್ನು ಎರಡು ಪಕಾಸುಗಳ ನಡುವೆ ನೀಟಾಗಿ ತೂರಿಸಿ, ಎಷ್ಟು ಚೆನ್ನಾಗಿ ಕೂತಿತು ಎಂದು ಬೀಗಿದ್ದೆ. ಮಸಿ ಕಿಂಡಿ ಇಡಲಿಲ್ಲ. ಎರಡು ಮಳೆಗಾಲ ಅವರು ಅರೆಹಸಿ ಸೌದೆ ಉರಿಸಿದರು. ಮೂರನೆಯ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಕೊಳವೆಯೊಳಗೆ ಕಟ್ಟಿದ್ದ ಡಾಂಬರಿಗೆ ಬೆಂಕಿ ಹತ್ತಿತು. ಘಾಟಿ ಏರುವ ಲಾರಿಯಂಥ ಸದ್ದು, ಕೊಳವೆ ಕೆಂಪಗೆ. ಚಿಕ್ಕಪ್ಪ ಒಲೆಯ ಬಾಯಿಗೂ ಬೂದಿ ಕಿಂಡಿಗೂ ಒದ್ದೆ ಗೋಣಿಚೀಲ ತುರುಕಿ ಗಾಳಿ ನಿಲ್ಲಿಸಿದ್ದರಿಂದ ಮನೆ ಉಳಿಯಿತು. ಪಕಾಸು ಒಂದು ಗೇಣು ಕರಕಲಾಗಿತ್ತು. ನಿಮಗೆ ಎಂದಾದರೂ ಆ ಸದ್ದು ಕೇಳಿದರೆ ಇದನ್ನೇ ಮಾಡಿ, ಎಲ್ಲರನ್ನೂ ಹೊರಗೆ ಕಳುಹಿಸಿ 101ಕ್ಕೆ ಫೋನ್ ಮಾಡಿ. ಕಾದ ಕೊಳವೆಗೆ ನೀರು ಸುರಿಯಬೇಡಿ, ಸೀಳಿಹೋಗುತ್ತದೆ. ಅದಕ್ಕಿಂತ ವರ್ಷಕ್ಕೆರಡು ಸಲ, ಮಳೆ ಹಿಡಿಯುವ ಮುಂಚೆ ಮತ್ತು ದೀಪಾವಳಿಗೆ, ಹಗ್ಗಕ್ಕೆ ತೆಂಗಿನ ನಾರಿನ ಕಟ್ಟು ಬಿಗಿದು ಕೆಳಗೆ ಒಂದು ಕಲ್ಲು ತೂಗುಬಿಟ್ಟು ಕೊಳವೆಯೊಳಗೆ ಮೇಲೆ ಕೆಳಗೆ ಎಳೆಸುವುದು ಅಗ್ಗ.

ಹೊತ್ತಿಸುವ ವಿಧಾನಕ್ಕೆ ಬರೋಣ. ಬೂದಿ ಕಿಂಡಿ ಬಳಿದು, ಸೌದೆಯ ಅಡಿಗಿರುವ ಕಂಬಿ ಜಾಲಿಯ ಸಂದುಗಳಲ್ಲಿ ಸಿಕ್ಕಿದ ಕೆಂಡದ ಚೂರುಗಳನ್ನು ಕೆದಕಿ ಬೀಳಿಸಿ. ಅಸ್ತ್ರ ಒಲೆಗೆ ಗಾಳಿ ಬರುವುದು ಜಾಲಿಯ ಕೆಳಗಿನಿಂದ. ಬೂದಿ ತುಂಬಿದ್ದರೆ ಮೂಗು ಕಟ್ಟಿದಂತೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ. ನವೀಕರಿಸಿದ ಮನೆಗಳಲ್ಲಿ ಕಿಟಕಿಗೆಲ್ಲ ಗಾಜು ಜಡಿದು ಫ್ಯಾನ್ ಹಾಕಿದರೆ ಅದು ಗಾಳಿಯನ್ನು ಒಲೆಯ ಕೊಳವೆಯಿಂದಲೇ ಒಳಗೆ ಎಳೆಯುತ್ತದೆ, ಜೊತೆಗೆ ಹೊಗೆಯನ್ನೂ. ಒಂದು ಕಿಟಕಿ ತೆರೆದಿಡಿ. ಮೊದಲು ಒಂದು ಹಿಡಿ ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಕೊಳವೆಯ ಬುಡದ ಕಿಂಡಿಯಲ್ಲಿ, ಅದಿಲ್ಲದಿದ್ದರೆ ಮೂರನೆಯ ಗುಂಡಿಯಲ್ಲಿ, ಉರಿಯಲು ಬಿಡಿ. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಳಿ ಕೊಳವೆಗೆ ಬಿರಡೆ ಹಾಕಿದಂತಿರುತ್ತದೆ. ಈ ಬಿಸಿಗೆ ಅದು ಮೇಲೆ ಸರಿದು ಎಳೆತ ಶುರುವಾಗುತ್ತದೆ. ಹುಸ್ ಎಂಬ ಸಣ್ಣ ಸದ್ದಿನಿಂದ ಅದು ಗೊತ್ತಾಗುತ್ತದೆ.

ಆಮೇಲೆ ಒಲೆಯೊಳಗೆ ಹೆಬ್ಬೆರಳ ದಪ್ಪದ ಎರಡು ಚಕ್ಕೆಗಳನ್ನು ಒಂದು ಬೆರಳು ಸಂದು ಬಿಟ್ಟು ಉದ್ದಕ್ಕೆ ಇಡಿ. ಅವುಗಳ ಮೇಲೆ ಅಡ್ಡಕ್ಕೆ ಪುರಲೆ (ಒಣಗಿದ ಸಣ್ಣ ಕಡ್ಡಿ), ನಡುವಿನ ಸಂದಿನಲ್ಲಿ ಅಡಿಕೆ ಹಾಳೆಯ ಚೂರು ಅಥವಾ ಒಣ ಗರಿ. ಅಲ್ಲಿಗೆ ಕಡ್ಡಿ ಗೀರಿ. ಪುರಲೆ ಚಟಚಟ ಎಂದು ಹಿಡಿದ ಮೇಲೆ ಮಾತ್ರ ದಪ್ಪ ಸೌದೆ, ಅದೂ ಎರಡು ಮೂರು ತುಂಡು. ಒಂಟಿ ಕೊಳ್ಳಿ ಉರಿಯುವುದಿಲ್ಲ, ನೀವೇ ನೋಡಿರುತ್ತೀರಿ. ಎರಡು ಕೊಳ್ಳಿ ಎದುರುಬದುರಾದರೆ ಒಂದರ ಕಾವು ಇನ್ನೊಂದರ ಮೈಗೆ ಬಿದ್ದು ಎರಡೂ ಉರಿಯುತ್ತವೆ. ತೀರ ಅಂಟಿದರೆ ನಡುವೆ ಗಾಳಿ ಇಲ್ಲ, ತೀರ ದೂರವಾದರೆ ಕಾವು ತಲುಪುವುದಿಲ್ಲ. ಹೊಗೆ ಹೆಚ್ಚಿದಾಗ ಸೌದೆ ಸೇರಿಸುವ ಬದಲು ಒಮ್ಮೆ ಈ ಸಂದನ್ನು ಸರಿಮಾಡಿ ನೋಡಿ. ಊದುವುದಾದರೆ ಜ್ವಾಲೆಗೆ ಊದಬೇಡಿ, ಬುಡದ ಕೆಂಡಕ್ಕೆ ಊದಿ.

ಚಿಮಣಿ ಎಣ್ಣೆ (ಸೀಮೆಎಣ್ಣೆ) ಸುರಿಯುವುದು ಬೇಡ. ಹಾಲಿನ ಪ್ಯಾಕೆಟ್, ಗೊಬ್ಬರದ ಚೀಲ, ಹಳೆಯ ಚಪ್ಪಲಿ, ಸೈಕಲ್ ಟಯರು, ಮಗುವಿನ ಡೈಪರ್ ಯಾವುದೂ ಬೇಡ. ಮಲೆನಾಡಿನ ಎಷ್ಟೋ ಬಚ್ಚಲ ಒಲೆಗಳು ಇಂದು ಮನೆಯ ಕಸದ ತೊಟ್ಟಿಯಾಗಿವೆ. ಪ್ಲಾಸ್ಟಿಕ್ ಹೊಗೆಯ ವಿಷ ಮೀಯುವವರ ಮೂಗಿಗೆ ಹೋಗುತ್ತದೆ, ಬೂದಿ ತೋಟಕ್ಕೆ ಹೋಗುತ್ತದೆ. ಈ ವಿಷಯದಲ್ಲಿ ಮಾತ್ರ ನಾನು ಯಾರ ಮನೆಯಲ್ಲೂ ದಾಕ್ಷಿಣ್ಯ ಮಾಡುವುದಿಲ್ಲ.

ನಿಮ್ಮ ಅಸ್ತ್ರ ಒಲೆಯ ಬಗ್ಗೆ ಸ್ವಲ್ಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲೆಂದು 1974ರಲ್ಲಿ ಶುರು ಮಾಡಿದ ಅಸ್ತ್ರ ಎಂಬ ಕೇಂದ್ರದಿಂದ ಬಂದ ಹೆಸರು ಅದು. 1980ರ ದಶಕದಲ್ಲಿ ಈ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಹರಡಿತು. ಅದರ ಜಾಣತನ ಇರುವುದು ಮುಚ್ಚಿದ ಹೊಟ್ಟೆಯಲ್ಲಿ. ಸೌದೆ ಹಾಕುವ ಬಾಯಿಗೆ ಮುಚ್ಚಳ, ಗಾಳಿ ಜಾಲಿಯ ಕೆಳಗಿನಿಂದ ಅಳತೆಗೆ ತಕ್ಕಷ್ಟು, ಬೆಂಕಿಯ ಬಿಸಿ ಒಂದಾದ ಮೇಲೊಂದು ಮೂರೂ ಪಾತ್ರೆ ಮುಟ್ಟಿ ಕೊಳವೆಗೆ. ನಾವು ಮಾಡುವುದೇನೆಂದರೆ ಮೂರು ಅಡಿಯ ಸೌದೆಯನ್ನು ಕತ್ತರಿಸಲು ಸೋಮಾರಿತನಪಟ್ಟು ಹಾಗೇ ತೂರಿಸುತ್ತೇವೆ. ಬಾಯಿ ಮುಚ್ಚುವುದಿಲ್ಲ, ಬೇಡದ ತಣ್ಣನೆಯ ಗಾಳಿ ನುಗ್ಗಿ ಬೆಂಕಿಯ ಕಾವನ್ನು ಇಳಿಸುತ್ತದೆ. ಈ ಒಲೆಗೆ ಸೌದೆ ಒಂದು ಗೇಣು ಉದ್ದವಿರಬೇಕು, ಮುಚ್ಚಳ ಮುಚ್ಚಿರಬೇಕು. ಸಾಮಿಲ್ಲಿನಲ್ಲೋ ಮರ ಕೊಯ್ಯುವ ಯಂತ್ರದಲ್ಲೋ ಒಂದೇ ದಿನ ಕೊಯ್ಸಿಟ್ಟರೆ ವರ್ಷದ ಚಿಂತೆ ತೀರುತ್ತದೆ.

ಇನ್ನೊಂದು ಅನುಮಾನ ನನಗಿದೆ. ಒಲೆ ಕಟ್ಟಿದಾಗ ಗುಂಡಿಗಳನ್ನು ನಿಮ್ಮ ಅತ್ತೆಯವರ ಪಾತ್ರೆಗಳ ಅಳತೆಗೆ ಮಾಡಿರುತ್ತಾರೆ. ಪಾತ್ರೆ ಗುಂಡಿಯಲ್ಲಿ ಇಳಿದು ಅಂಚಿಗೆ ಅಂಚು ಕೂತರೆ ಹೊಗೆಗೆ ಹೊರಬರಲು ಸಂದಿಲ್ಲ. ಈಗ ನೀವು ಅದೇ ಗುಂಡಿಯ ಮೇಲೆ ಕುಕ್ಕರ್ ಇಡುತ್ತಿರಬೇಕು. ಕುಕ್ಕರಿನ ಸುತ್ತ ಒಂದು ಬೆರಳು ಸಂದು ಉಳಿದರೂ ಕೊಳವೆಯ ಎಳೆತವೆಲ್ಲ ಅಲ್ಲೇ ಸೋರಿಹೋಗುತ್ತದೆ. ಕಮ್ಮಾರರಲ್ಲಿ ಗುಂಡಿಗೆ ಸರಿಹೊಂದುವ ಕಬ್ಬಿಣದ ಬಳೆ ಮಾಡಿಸಿ ಕೂರಿಸಿ. ಖಾಲಿ ಗುಂಡಿಯ ಮೇಲೆ ಯಾವಾಗಲೂ ನೀರಿನ ಪಾತ್ರೆಯೋ ಮುಚ್ಚಳವೋ ಇರಲಿ. ಒಲೆಯ ಮೈಯಲ್ಲಿ ಬಿರುಕು ಕಂಡರೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಮೆತ್ತಿ. ಸಿಮೆಂಟ್ ಹಚ್ಚಿದರೆ ಕಾವಿಗೆ ಬಿರಿದು ಏಳುತ್ತದೆ.

ಮಣ್ಣಿನ ಒಲೆ ಮೊದಲ ಇಪ್ಪತ್ತು ಮೂವತ್ತು ನಿಮಿಷ ತನ್ನ ಮೈಯನ್ನೇ ಕಾಯಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಲೋಟ ಕಾಫಿಗೆಂದು ಒಲೆ ಹೊತ್ತಿಸುವುದು ದುಂದು. ಅದಕ್ಕೆ ಗ್ಯಾಸ್ ಇದೆ. ಹೊತ್ತಿಸಿದ ಮೇಲೆ ಕೆಲಸ ಒಟ್ಟಿಗೆ ಮುಗಿಸಿ: ಮೊದಲ ಗುಂಡಿಯಲ್ಲಿ ಅನ್ನ, ಎರಡನೆಯದರಲ್ಲಿ ಬೇಳೆ, ಮೂರನೆಯದರಲ್ಲಿ ಕುಡಿಯುವ ನೀರು. ನೀವು ಕುಚ್ಚಲಕ್ಕಿ ಉಣ್ಣುವವರಾದರೆ ಅಕ್ಕಿಯನ್ನು ರಾತ್ರಿ ನೆನೆಹಾಕಿ. ಕುದಿ ಬಂದ ಮೇಲೆ ದೊಡ್ಡ ಉರಿ ಬೇಡ. ಎಷ್ಟು ಉರಿಸಿದರೂ ನೀರು ನೂರು ಡಿಗ್ರಿ ದಾಟುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಉಳಿದ ಬೇಯುವಿಕೆ ಕೆಂಡದ ಕಾವಿಗೆ ಸಾಕು.

ಬಚ್ಚಲ ಹಂಡೆಗೆ ಮುಚ್ಚಳವಿರಲಿ, ಆದರೆ ದೊಡ್ಡ ಉಳಿತಾಯ ಇರುವುದು ಒಲೆ ಕಟ್ಟಿದ ರೀತಿಯಲ್ಲಿ. ಲೆಕ್ಕ ನೋಡಿ: 60 ಲೀಟರಿನ ಹಂಡೆಯ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು 1,800 ಕಿಲೋಕ್ಯಾಲರಿ ಸಾಕು. ಚೆನ್ನಾಗಿ ಒಣಗಿಸಿದ ಸೌದೆ ಕಿಲೋಗೆ 3,500ರಷ್ಟು ಕೊಡುತ್ತದೆ. ಎಲ್ಲವೂ ನೀರಿಗೇ ಹೋಗುವಂತಿದ್ದರೆ ಅರ್ಧ ಕಿಲೋ ಸೌದೆಯಲ್ಲಿ ಮನೆಮಂದಿಯೆಲ್ಲ ಮೀಯಬಹುದು. ಬಾಯಿ ತೆರೆದ ಹಳೆಯ ಒಲೆಯಲ್ಲಿ ನೀರಿಗೆ ಸೇರುವುದು ನೂರಕ್ಕೆ ಹತ್ತೋ ಹದಿನೈದೋ, ಹಾಗಾಗಿ ಮೂರೂವರೆಯಿಂದ ಐದು ಕಿಲೋ ಬೇಕು. ಜಾಲಿ, ಕೊಳವೆ ಇರುವ, ಹಂಡೆಯ ಸುತ್ತ ಬಿಸಿ ಸುತ್ತಿ ಬರುವಂತೆ ಎರಡು ಬೆರಳು ಸಂದು ಬಿಟ್ಟು ಕಟ್ಟಿದ ಒಲೆಯಲ್ಲಿ ನೂರಕ್ಕೆ ಮೂವತ್ತು ಸೇರಿದರೆ ಎರಡು ಕಿಲೋ ಒಳಗೆ ಮುಗಿಯುತ್ತದೆ. ಹಂಡೆ ತುಂಬ ನೀರು ಹಾಕಿ ಮೀಯುವ ಹದಕ್ಕೆ ಕಾಯಿಸಿ. ಅರ್ಧ ಹಂಡೆ ಮಳಮಳ ಕುದಿಸಿ ಆಮೇಲೆ ತಣ್ಣೀರು ಬೆರೆಸುವ ಪದ್ಧತಿಯಲ್ಲಿ ಹಂಡೆಯ ಮೈಯಿಂದ, ಬಾಯಿಯಿಂದ ಹೆಚ್ಚು ಶಾಖ ಸೋರಿಹೋಗುತ್ತದೆ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತೀರಲ್ಲ, ಹೊಳಪೆಲ್ಲ ಹೊರಮೈಗೆ ಇರಲಿ. ಉರಿ ತಾಗುವ ತಳವನ್ನು ಕನ್ನಡಿ ಮಾಡಬೇಕಾಗಿಲ್ಲ. ತೆಳುವಾದ ಕಪ್ಪು ಲೇಪ ಕೆಂಡದ ಕಾವನ್ನು ಚೆನ್ನಾಗಿ ಹೀರುತ್ತದೆ. ಪದರ ಪದರವಾಗಿ ಜೋತುಬೀಳುವ ಮಸಿ ಮಾತ್ರ ಹೊದಿಕೆಯಂತೆ ಶಾಖ ತಡೆಯುತ್ತದೆ, ಅದನ್ನು ಕೆರೆದು ತೆಗೆಯಿರಿ.

ರಾತ್ರಿ ಕೆಲಸ ಮುಗಿದ ಮೇಲೆ ಅರ್ಧ ಉರಿದ ಕೊಳ್ಳಿಗಳನ್ನು ಹೊರಗೆಳೆದು ಆರಿಸಿ. ನಾಳೆ ಅವು ಮೊದಲು ಹೊತ್ತುವ ಸೌದೆ. ಉಳಿದ ದಪ್ಪ ಕೆಂಡವನ್ನು ಒಲೆಯ ಮೂಲೆಗೆ ಗುಡ್ಡೆ ಮಾಡಿ ನಾಲ್ಕು ಬೆರಳು ಬೂದಿ ಮುಚ್ಚಿ. ಬೆಳಿಗ್ಗೆ ಬೂದಿ ಸರಿಸಿ ಪುರಲೆ ಇಟ್ಟು ಎರಡು ಸಲ ಊದಿದರೆ ಉರಿ ಏಳುತ್ತದೆ, ಕಡ್ಡಿಯೇ ಬೇಡ. ಆದರೆ ಇದು ಹೊರಗೆ ದಾರಿಯಿರುವ ಕೊಳವೆಯ ಒಲೆಗೆ ಮಾತ್ರ. ಕೆಂಡದಿಂದ ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ; ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಯೆಂದು ಬಾಣಂತಿ ಕೋಣೆಗೆ ಕೆಂಡದ ಬಾಣಲೆ ಒಯ್ದು ಬಾಗಿಲು ಹಾಕುವುದು, ಬಚ್ಚಲ ಕಿಟಕಿಗೆ ಗೋಣಿ ತುರುಕಿ ಮೀಯುವುದು ಜೀವಕ್ಕೆ ಸಂಚಕಾರ. ತಲೆ ಸುತ್ತಿ ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.

ನಿಮ್ಮ ಕೊನೆಯ ಪ್ರಶ್ನೆ, ಗ್ಯಾಸ್ ಸಾಕೇ ಎಂಬುದು. ಮನೆಯಲ್ಲಿ ದಮ್ಮಿನ ಕಾಯಿಲೆಯವರು ಅಥವಾ ಎಳೆಮಗು ಇದ್ದರೆ, ಕೊಳವೆ ಸರಿಯಾಗುವ ತನಕ ಅಡುಗೆಯೆಲ್ಲ ಗ್ಯಾಸಿನಲ್ಲೇ ಆಗಲಿ, ಇದರಲ್ಲಿ ಹಟ ಬೇಡ. ಇಲ್ಲವಾದರೆ ಬಚ್ಚಲಿಗೆ ಸೌದೆ, ಬೆಳಗಿನ ಗಡಿಬಿಡಿಗೆ ಗ್ಯಾಸ್, ನೆಂಟರು ಬಂದ ದಿನ ಅಸ್ತ್ರ ಒಲೆ ಎಂದು ಹಂಚಿಕೊಳ್ಳಿ. ಮಳೆ ಬಿಟ್ಟು ಹೊಳವಾದ ಎರಡು ದಿನ ಸಿಕ್ಕ ಕೂಡಲೇ ಕೊಳವೆ ಕೆಲಸ ಮಾಡಿಸಿ. ಮೇಸ್ತ್ರಿ ಹಂಚು ಸೋರುತ್ತದೆ ಎಂದು ತಕರಾರು ತೆಗೆದರೆ ಕೊಳವೆಯ ಸುತ್ತ ಮೇಲಿನ ಹಂಚಿನ ಅಡಿಗೆ ಹೊಗುವಂತೆ ತಗಡಿನ ಕೊರಳಪಟ್ಟಿ ಕೂರಿಸಲು ಹೇಳಿ, ಸೋರುವುದಿಲ್ಲ. ಅದಾದ ಮೇಲೂ ಒಲೆಯ ಬಾಯಿಂದ ಹೊಗೆ ಬಂದರೆ ಕೊಳವೆಯ ವ್ಯಾಸ, ಒಟ್ಟು ಎತ್ತರ, ಸೌದೆ ಹಾಕುವ ಬಾಯಿಯ ಅಗಲ ಉದ್ದ, ಜಾಲಿಗೂ ಮೊದಲ ಪಾತ್ರೆಯ ತಳಕ್ಕೂ ಇರುವ ಅಂತರ, ಇಷ್ಟನ್ನು ಅಳೆದು ಬರೆಯಿರಿ.